ಹೋಟೆಲ್ ವ್ಯವಸ್ಥಾಪಕರು: ಹೆಣ್ಣಿನ ನಾಯಕತ್ವ, ಗಂಡಿನ ನಾಯಕತ್ವ ಬೇರೆ ಬೇರೆಯೇ?

ಹೋಟೆಲ್‌ಗಳನ್ನು ನಡೆಸುವ ಮಹಿಳೆಯರೂ ಪುರುಷರೂ ತಮ್ಮ ಕೈಕೆಳಗಿನವರನ್ನು ಮುನ್ನಡೆಸುವ ರೀತಿಯಲ್ಲಿ ನಿಜವಾದ ವ್ಯತ್ಯಾಸವಿದೆಯೇ? ಇದೆ ಎಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ಇಲ್ಲಿ ವಾದಿಸಿದ್ದಾರೆ. ಮೊದಲನೆಯವರು ಹೋಟೆಲ್ ಆಡಳಿತ ಕಲಿಸುವ ಅಧ್ಯಾಪಕರು. ಎರಡನೆಯವರು ಕೋಣೆಗಳ ಶುಚಿತ್ವ ನೋಡಿಕೊಳ್ಳುವ ಹೌಸ್‌ಕೀಪಿಂಗ್ ವಿಭಾಗದಿಂದ ವೃತ್ತಿ ಆರಂಭಿಸಿ ಜನರಲ್ ಮ್ಯಾನೇಜರ್ ಆದವರು.

ಪರ: ವ್ಯತ್ಯಾಸ ಸಣ್ಣದು, ಆದರೆ ಇದೆ

ಈ ಪ್ರಶ್ನೆಗೆ ‘ಹೌದು’ ಎನ್ನುವ ಬದಿಯಲ್ಲಿ ನಿಂತು ಬರೆಯಬೇಕೆಂದು ಕೇಳಿದಾಗ ಎರಡು ದಿನ ಯೋಚಿಸಿ ಒಪ್ಪಿಕೊಂಡೆ. ಹೆಣ್ಣಿನ ಸ್ವಭಾವ ಇಂಥದ್ದು, ಗಂಡಿನ ಸ್ವಭಾವ ಇಂಥದ್ದು ಎಂದು ಗೆರೆ ಎಳೆಯುವ ಮಾತುಗಳಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಆದರೂ ಹಲವು ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿರುವಾಗ, ಆ ದಿಕ್ಕು ನನಗೆ ಹಿಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮುಖ ತಿರುಗಿಸುವುದು ಅಧ್ಯಾಪಕನಿಗೆ ತಕ್ಕುದಲ್ಲ ಎಂದು ತೋರಿತು.

ಮೊದಲು ಹೋಟೆಲಿನ ಕೆಲಸದ ಸ್ವರೂಪವನ್ನು ನೋಡಬೇಕು. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ತೆಗೆದಿಟ್ಟು ನಾಳೆ ಮಾರಲು ಬರುವುದಿಲ್ಲ. ಆ ರಾತ್ರಿಯ ಆದಾಯ ಆ ರಾತ್ರಿಗೇ ಮುಗಿಯಿತು. ಸೇವೆಯೂ ಹಾಗೆಯೇ. ಅದು ಅತಿಥಿಯ ಕಣ್ಣೆದುರೇ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ದೋಷವಿರುವ ವಸ್ತುವನ್ನು ಆರಿಸಿ ಬದಿಗಿಡುವಂತೆ ದೋಷವಿರುವ ಸ್ವಾಗತವನ್ನು ಆರಿಸಿ ಬದಿಗಿಡಲಾಗದು. ಆ ಕ್ಷಣದಲ್ಲಿ ಜನರಲ್ ಮ್ಯಾನೇಜರ್ ಅಲ್ಲಿರುವುದೂ ಇಲ್ಲ. ಇರುವವರು ಫ್ರಂಟ್ ಆಫೀಸಿನ ಕಿರಿಯ ಸಹಾಯಕರು, ಕೋಣೆ ಶುಚಿ ಮಾಡುವವರು, ಸಾಮಾನು ಹೊರುವವರು, ಎಂದರೆ ಇಡೀ ಸಂಸ್ಥೆಯಲ್ಲಿ ಅತಿ ಕಡಿಮೆ ಸಂಬಳವೂ ಅತಿ ಕಡಿಮೆ ಅಧಿಕಾರವೂ ಇರುವವರು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶಿಲ್ಡ್ ಅವರು ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ 1983ರಲ್ಲಿ ‘ಭಾವನಾತ್ಮಕ ಶ್ರಮ’ ಎಂದು ಹೆಸರಿಟ್ಟದ್ದು ಇಂಥ ಕೆಲಸಕ್ಕೇ: ಮೈಕೈಯ ದುಡಿಮೆಯ ಜೊತೆಗೆ ಮುಖದ ಮೇಲಿನ ಪ್ರಸನ್ನತೆಯನ್ನೂ ದಿನವಿಡೀ ಕಾಪಾಡಿಕೊಳ್ಳಬೇಕಾದ ಕೆಲಸ. ಅಂಥ ಪ್ರಸನ್ನತೆಯನ್ನು ಪಾಳಿಪಟ್ಟಿಯಲ್ಲಿ ಬರೆದು ತರಿಸಿಕೊಳ್ಳಲು ಆಗುವುದಿಲ್ಲ. ಸೇವೆಯನ್ನು ಆಜ್ಞೆಯಿಂದ ಪಡೆಯಲಾಗದು. ನನ್ನ ವಾದವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ನಾಯಕತ್ವವನ್ನು ಶೈಲಿಗಳಾಗಿ ವಿಂಗಡಿಸುವ ಪದ್ಧತಿ ಹಳೆಯದು. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು 1939ರಲ್ಲಿ ಹುಡುಗರ ಗುಂಪುಗಳ ಮೇಲೆ ಪ್ರಯೋಗ ನಡೆಸಿ ಸರ್ವಾಧಿಕಾರಿ, ಪ್ರಜಾಸತ್ತಾತ್ಮಕ, ಎಲ್ಲವನ್ನೂ ಗುಂಪಿಗೇ ಬಿಟ್ಟು ಕೂರುವ ನಾಯಕತ್ವ ಎಂದು ಮೂರು ಬಗೆಗಳನ್ನು ಗುರುತಿಸಿದರು. ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ, ಬರ್ನಾರ್ಡ್ ಬಾಸ್ 1985ರಲ್ಲಿ ಇದಕ್ಕೆ ಹೊಸ ರೂಪ ಕೊಟ್ಟು, ಕೆಲಸಗಾರನ ಉತ್ಸಾಹವನ್ನೂ ಗುರಿಯನ್ನೂ ಎತ್ತರಿಸುವ ಪರಿವರ್ತನಾತ್ಮಕ ನಾಯಕತ್ವ ಒಂದು, ಕೆಲಸಕ್ಕೆ ತಕ್ಕ ಫಲ ಕೊಟ್ಟು ನಡೆಸುವ ವ್ಯವಹಾರಾತ್ಮಕ ನಾಯಕತ್ವ ಇನ್ನೊಂದು ಎಂದು ವಿವರಿಸಿದರು. ಹೋಟೆಲ್ ವ್ಯವಸ್ಥಾಪಕರ ಬಗೆಗಿನ ಚರ್ಚೆ ಹೆಚ್ಚಾಗಿ ಈ ಪರಿಭಾಷೆಯಲ್ಲೇ ನಡೆಯುತ್ತದೆ.

ಈಗ ಮುಖ್ಯ ಸಾಕ್ಷ್ಯಕ್ಕೆ ಬರುತ್ತೇನೆ. ಮನೋವಿಜ್ಞಾನಿಗಳಾದ ಆಲಿಸ್ ಈಗ್ಲಿ ಮತ್ತು ಬ್ಲೇರ್ ಜಾನ್ಸನ್ 1990ರಲ್ಲಿ ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಮಹಿಳೆಯರು ಹೆಚ್ಚು ಪ್ರಜಾಸತ್ತಾತ್ಮಕವಾಗಿ, ಇತರರನ್ನು ಒಳಗೊಂಡು ನಡೆಸುತ್ತಾರೆ, ಪುರುಷರು ಹೆಚ್ಚು ಆಜ್ಞಾಪ್ರಧಾನವಾಗಿ ನಡೆಸುತ್ತಾರೆ ಎಂಬ ಒಲವು ಕಾಣಿಸಿತು. ಅದೇ ವರ್ಷ ಜೂಡಿ ರೋಸೆನರ್ ಅವರೂ ಮಹಿಳಾ ಅಧಿಕಾರಿಗಳು ಮಾಹಿತಿಯನ್ನೂ ಅಧಿಕಾರವನ್ನೂ ಹಂಚಿಕೊಂಡು ಮುನ್ನಡೆಸುತ್ತಾರೆಂದು ಬರೆದು ದೊಡ್ಡ ಚರ್ಚೆಯನ್ನು ಎಬ್ಬಿಸಿದರು. ಈಗ್ಲಿ ಮತ್ತು ಇನ್ನಿಬ್ಬರು ಸಂಶೋಧಕರು 2003ರಲ್ಲಿ 45 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು: ಪರಿವರ್ತನಾತ್ಮಕ ಗುಣಗಳಲ್ಲಿಯೂ, ಚೆನ್ನಾಗಿ ಮಾಡಿದ ಕೆಲಸಕ್ಕೆ ಮನ್ನಣೆ ಕೊಡುವುದರಲ್ಲಿಯೂ ಮಹಿಳೆಯರು ಮುಂದಿದ್ದರು, ತಪ್ಪಾಗುವವರೆಗೆ ಕಾದು ಆಮೇಲೆ ಕೈಹಾಕುವುದರಲ್ಲಿ, ಹೊಣೆಯನ್ನೇ ಕೈಬಿಟ್ಟು ಕೂರುವುದರಲ್ಲಿ ಪುರುಷರು ಮುಂದಿದ್ದರು. ವ್ಯತ್ಯಾಸ ಚಿಕ್ಕದು ಎಂದು ಸಂಶೋಧಕರೇ ಹೇಳಿದ್ದಾರೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಚಿಕ್ಕದು ಎಂದರೆ ಇಲ್ಲ ಎಂದಲ್ಲ. ನೂರಾರು ಕೋಣೆಗಳ ಹೋಟೆಲಿನಲ್ಲಿ ವರ್ಷದ ಪ್ರತಿದಿನ, ಮೂರೂ ಪಾಳಿಗಳಲ್ಲಿ, ಒಬ್ಬ ವ್ಯವಸ್ಥಾಪಕರು ಸ್ವಲ್ಪ ಹೆಚ್ಚು ಕೇಳಿಸಿಕೊಂಡರೆ, ಸ್ವಲ್ಪ ಹೆಚ್ಚು ಮೆಚ್ಚುಗೆ ಸೂಚಿಸಿದರೆ, ಕೆಲಸ ಬಿಟ್ಟು ಹೋಗುವವರ ಸಂಖ್ಯೆಯಲ್ಲಿ ಅದು ಕಾಣದೆ ಇರುವುದಿಲ್ಲ. ಸೇವೆಯನ್ನು ಆಜ್ಞೆಯಿಂದ ಪಡೆಯಲಾಗದು ಎನ್ನುವುದಾದರೆ, ಆಜ್ಞೆಯನ್ನು ಕಡಿಮೆ ಬಳಸುವವರ ಕಡೆಗೆ ಒಲವು ಎಳ್ಳಷ್ಟೇ ಇದ್ದರೂ ಹೋಟೆಲಿಗೆ ಅದು ಬೆಲೆಯುಳ್ಳದ್ದೇ.

ಎಲ್ಲ ಮನುಷ್ಯರೂ ಒಂದೇ ಅಚ್ಚಿನ ಇಟ್ಟಿಗೆಗಳು, ಬೆಳೆದ ರೀತಿ, ಮನೆಯಲ್ಲಿ ಹೊತ್ತ ಹೊಣೆ, ಸಮಾಜ ಕಲಿಸಿದ ಮಾತು ಯಾವುದೂ ಕೆಲಸದ ಜಾಗಕ್ಕೆ ನಮ್ಮೊಂದಿಗೆ ಬರುವುದಿಲ್ಲ ಎಂದು ವಿರೋಧದವರು ಹೇಳುವುದುಂಟು. ಇದನ್ನು ನಾನು ಒಪ್ಪಲಾರೆ. ವ್ಯತ್ಯಾಸ ಹುಟ್ಟಿನಿಂದ ಬಂದಿರಲಿ, ಬಾಳಿನಿಂದ ಬಂದಿರಲಿ, ಅದು ಲಾಬಿಯಲ್ಲಿ ಕಂಡರೆ ಇದ್ದಂತೆಯೇ ಅಲ್ಲವೇ?

ನಾನು ತರಬೇತಿಗೆ ಹೋಗಿದ್ದ ಹೋಟೆಲಿನಲ್ಲಿ ಆರು ತಿಂಗಳ ಅವಧಿಯಲ್ಲಿ ಔತಣಕೂಟಗಳನ್ನು ನೋಡಿಕೊಳ್ಳುವ ಇಬ್ಬರು ಬ್ಯಾಂಕ್ವೆಟ್ ಮ್ಯಾನೇಜರುಗಳ ಕೈಕೆಳಗೆ ದುಡಿದೆ. ಮೊದಲನೆಯವರು ಪುರುಷರು. ಗಾಜಿನ ಲೋಟಗಳ ತಟ್ಟೆಯೊಂದನ್ನು ಜೊತೆಗಾರನೊಬ್ಬ ಕೆಳಗೆ ಬೀಳಿಸಿದ ದಿನ ಅವರು ಎಲ್ಲರೆದುರು ಅವನ ಹೆಸರು ಕೂಗಿ ನಷ್ಟವನ್ನು ಪುಸ್ತಕಕ್ಕೆ ಬರೆಸಿದರು. ಅವರ ನಂತರ ಬಂದವರು ಮಹಿಳೆ. ಅಂಥದೇ ಘಟನೆ ಮರುಕಳಿಸಿದಾಗ ಅವರು ತಟ್ಟೆ ಹೊರುವ ದಾರಿಯನ್ನು ತಾವೇ ಎರಡು ಸಲ ನಡೆದು ನೋಡಿ, ಬಾಗಿಲ ಬಳಿ ಎದ್ದಿದ್ದ ಕಾರ್ಪೆಟ್ಟಿನ ಅಂಚನ್ನು ಪತ್ತೆ ಮಾಡಿ ಅದಕ್ಕೆ ಮೊಳೆ ಹೊಡೆಸಿದರು. ಆಮೇಲೆ ನಾವೆಲ್ಲರೂ ಒಡೆದದ್ದನ್ನು ಮುಚ್ಚಿಡದೆ ಹೇಳತೊಡಗಿದೆವು. ಇಬ್ಬರನ್ನು ನೋಡಿ ನಿಯಮ ಮಾಡಲಾಗದು ಎಂಬುದು ನನಗೆ ಗೊತ್ತು. ಆದರೂ ಅಧ್ಯಯನಗಳನ್ನು ಓದುವಾಗಲೆಲ್ಲ ಆ ಕಾರ್ಪೆಟ್ಟಿನ ಅಂಚು ನನ್ನ ಕಣ್ಣ ಮುಂದೆ ಬರುತ್ತದೆ.

ವಿಶ್ವ ಪ್ರವಾಸೋದ್ಯಮ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನ ಪ್ರವಾಸೋದ್ಯಮದಲ್ಲಿ ದುಡಿಯುವವರಲ್ಲಿ 54 ಶೇಕಡಾ ಮಹಿಳೆಯರು; ಅವರ ಗಳಿಕೆ ಮಾತ್ರ ಪುರುಷರಿಗಿಂತ 14.7 ಶೇಕಡಾ ಕಡಿಮೆ. ಇಂಥ ಉದ್ಯಮ ತನ್ನ ಮೇಲ್ಮಟ್ಟದ ಕುರ್ಚಿಗಳಿಗೆ ಮಹಿಳೆಯರನ್ನು ತರಬೇಕಾದರೆ, ಅವರು ತರುವ ವಿಶೇಷವೇನು ಎಂದು ಹೇಳಲು ಸಾಧ್ಯವಾಗಬೇಕು. ಆ ಶೈಲಿ ಮಹಿಳೆಯರ ಸ್ವತ್ತಲ್ಲ, ಪುರುಷರಿಗೂ ಕಲಿಸಬಹುದು, ಕಲಿಸಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತರಗತಿಯಲ್ಲಿ ಅದನ್ನೇ ಮಾಡುತ್ತೇನೆ. ಅದು ಸದ್ಯಕ್ಕೆ ಯಾರಲ್ಲಿ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿದೆ.

ವಿರೋಧ: ಶೈಲಿ ಕುರ್ಚಿಗೆ ಸೇರಿದ್ದು

ಮಹಿಳಾ ಮ್ಯಾನೇಜರ್ ಎಂದರೆ ಹೋಟೆಲಿನ ತಾಯಿ ಎಂಬ ಮಾತನ್ನು ನನ್ನ 24 ವರ್ಷಗಳ ವೃತ್ತಿಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ವಿದಾಯ ಸಮಾರಂಭಗಳಲ್ಲಿ ಕೇಳಿದ್ದೇನೆ, ತರಬೇತಿ ಶಿಬಿರಗಳಲ್ಲಿ ಕೇಳಿದ್ದೇನೆ, ನನಗೆ ಬಡ್ತಿ ಕೊಡದಿರಲು ಕಾರಣವಾಗಿ ಕೂಡ ಕೇಳಿದ್ದೇನೆ. ಹೇಳಿದವರಲ್ಲಿ ಹೆಚ್ಚಿನವರು ಅದನ್ನು ಹೊಗಳಿಕೆಯೆಂದೇ ಭಾವಿಸಿದ್ದರು. ಪರ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ: ಹೆಣ್ಣು ಕೇಳಿಸಿಕೊಳ್ಳುತ್ತಾಳೆ, ಗಂಡು ಆಜ್ಞೆ ಮಾಡುತ್ತಾನೆ, ಆದ್ದರಿಂದ ಹೆಣ್ಣನ್ನು ಕೇಳಿಸಿಕೊಳ್ಳುವ ಕೆಲಸಕ್ಕೆ ಹಾಕಿ, ಗಂಡನ್ನು ಆಜ್ಞೆ ಮಾಡುವ ಕೆಲಸಕ್ಕೆ ಹಾಕಿ. ಈ ಮಾತು ತಪ್ಪು, ಮತ್ತು ಅದರಿಂದ ಆದ ಹಾನಿಯನ್ನು ನಾನು ಕಂಡಿದ್ದೇನೆ.

ಹೋಟೆಲಿನೊಳಗೆ ಒಂದು ದಿನ ಕಳೆದವರಿಗೂ ತಿಳಿಯುವ ಸಂಗತಿಯೆಂದರೆ ಅಲ್ಲಿ ಒಂದೇ ಬಗೆಯ ಕೆಲಸವಿಲ್ಲ ಎಂಬುದು. ಫ್ರಂಟ್ ಆಫೀಸಿನಲ್ಲಿ ಅತಿಥಿ ಎದುರಿಗೇ ನಿಂತಿರುತ್ತಾರೆ, ಆದ್ದರಿಂದ ಅಲ್ಲಿನ ಮೇಲಧಿಕಾರಿ ಸಿಟ್ಟು ಬಂದರೂ ತಗ್ಗಿದ ದನಿಯಲ್ಲಿಯೇ ತಿದ್ದಬೇಕಾಗುತ್ತದೆ. ಹೌಸ್‌ಕೀಪಿಂಗ್‌ನಲ್ಲಿ ಕೆಲಸಗಾರರು ಬೇರೆ ಬೇರೆ ಮಹಡಿಗಳಲ್ಲಿ ಒಂಟಿಯಾಗಿ, ಮುಚ್ಚಿದ ಬಾಗಿಲುಗಳ ಹಿಂದೆ ದುಡಿಯುತ್ತಾರೆ. ಅವರ ಬೆನ್ನ ಹಿಂದೆ ನಿಂತು ಕಾಯಲು ಯಾರಿಂದಲೂ ಆಗದು, ಹೀಗಾಗಿ ಅವರ ಮೇಲೆ ನಂಬಿಕೆ ಇಡಲೇಬೇಕು, ಅವರೊಂದಿಗೆ ಮಾತಾಡಲೇಬೇಕು. ಅಡುಗೆಮನೆ ಬೇರೆಯದೇ ಲೋಕ. ನೂರು ತಟ್ಟೆಗಳು ಒಂದೇ ಗಳಿಗೆಯಲ್ಲಿ ಹೊರಡಬೇಕಾದಾಗ ಚರ್ಚೆಗೆ ಜಾಗವಿರುವುದಿಲ್ಲ. ಒಬ್ಬರು ಹೇಳಬೇಕು, ಉಳಿದವರು ಕೇಳಿದೆವೆಂದು ಮಾರುತ್ತರ ಕೊಟ್ಟು ಮಾಡಬೇಕು. ಎಂಜಿನಿಯರಿಂಗ್ ವಿಭಾಗದಲ್ಲಿ ಮಾತು ಇನ್ನೂ ಕಡಿಮೆ. ಇನ್ನು ಈ ವಿಭಾಗಗಳಿಗೆ ಯಾರನ್ನು ಕಳಿಸುತ್ತಾರೆಂದು ನೋಡಿ. ಮಹಿಳೆಯರನ್ನು ಹೌಸ್‌ಕೀಪಿಂಗ್‌ಗೆ, ಸಿಬ್ಬಂದಿ ವಿಭಾಗಕ್ಕೆ, ಅತಿಥಿ ಸಂಪರ್ಕಕ್ಕೆ ಕಳಿಸುತ್ತಾರೆ. ಪುರುಷರನ್ನು ಆಹಾರ ಮತ್ತು ಪಾನೀಯ ವಿಭಾಗಕ್ಕೆ, ಅಡುಗೆಮನೆಗೆ, ಯಂತ್ರಗಳ ಕಡೆಗೆ ಕಳಿಸುತ್ತಾರೆ. ಹತ್ತು ವರ್ಷ ಹಾಗೆ ದುಡಿಸಿದ ಮೇಲೆ ಶೈಲಿಯನ್ನು ಅಳೆದು, ಮಹಿಳೆಯರು ಮಾತಾಡಿಸಿ ಕೆಲಸ ಮಾಡಿಸುತ್ತಾರೆ ಎಂದು ಬರೆಯುತ್ತಾರೆ. ಅವರು ಅಳೆದದ್ದು ಹೌಸ್‌ಕೀಪಿಂಗ್ ಅನ್ನು. ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿಯೇ ದೊಡ್ಡ ಕಂಪನಿಯೊಂದನ್ನು ಒಳಗಿನಿಂದ ಅಧ್ಯಯನ ಮಾಡಿ, ಹೆಣ್ಣು-ಗಂಡಿನ ಗುಣವೆಂದು ನಾವು ಭಾವಿಸುವುದು ಬಹುಮಟ್ಟಿಗೆ ಅವರವರು ನಿಂತ ಸ್ಥಾನದ, ಆ ಸ್ಥಾನಕ್ಕಿರುವ ಅಧಿಕಾರದ ಗುಣವೆಂದು ತೋರಿಸಿದ್ದರು.

ನಾನೇ ಇದಕ್ಕೆ ಸಾಕ್ಷಿ. ಹೌಸ್‌ಕೀಪಿಂಗ್ ಮೇಲ್ವಿಚಾರಕಿಯಾಗಿ ಒಂಬತ್ತು ವರ್ಷ ಇದ್ದು ಬ್ಯಾಂಕ್ವೆಟ್ ವಿಭಾಗಕ್ಕೆ ವರ್ಗವಾದಾಗ ಒಂದು ವಾರದೊಳಗೆ ನನ್ನ ದನಿ ಬದಲಾಯಿತು. ವಾಕ್ಯಗಳು ಗಿಡ್ಡವಾದವು. ‘ಮಾಡೋಣವೇ’ ಎನ್ನುತ್ತಿದ್ದವಳು ‘ಮಾಡಿ’ ಎನ್ನತೊಡಗಿದೆ. ನಾನು ಮೊದಲೂ ಹೆಂಗಸೇ, ಆಮೇಲೂ ಹೆಂಗಸೇ.

ಇತಿಹಾಸವೂ ಇದನ್ನೇ ಹೇಳುತ್ತದೆ. ಹೋಟೆಲ್ ಅಡುಗೆಮನೆಗೆ ಸೈನ್ಯದ ದಳದಂಥ ಶ್ರೇಣಿವ್ಯವಸ್ಥೆಯನ್ನು ತಂದವರು ಫ್ರೆಂಚ್ ಬಾಣಸಿಗ ಆಗಸ್ಟ್ ಎಸ್ಕಾಫಿಯೆ. 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಸೈನ್ಯದ ಅಡುಗೆಯವರಾಗಿ ದುಡಿದಿದ್ದ ಅವರು, ಆಮೇಲೆ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಅದರ ವ್ಯವಸ್ಥಾಪಕ ಸೀಸರ್ ರಿಟ್ಜ್ ಜೊತೆ ಸೇರಿ ಹೆಸರು ಮಾಡಿದರು. ಆ ಕಾಲದ ಅಡುಗೆಮನೆಗಳಲ್ಲಿ ಕಿರುಚಾಟ, ಬೈಗುಳ, ಕುಡಿತ ಎಲ್ಲವೂ ಸಾಮಾನ್ಯವಾಗಿದ್ದವು. ಎಸ್ಕಾಫಿಯೆ ಅವುಗಳನ್ನು ನಿಷೇಧಿಸಿ, ಶಾಂತವಾಗಿ ಮಾತಾಡುವುದನ್ನು ನಿಯಮವಾಗಿಸಿದರು. ಆರ್ಡರುಗಳನ್ನು ಕೂಗಿ ಹೇಳುವ ಕೆಲಸಗಾರನಿಗೆ ಫ್ರೆಂಚಿನಲ್ಲಿ ‘ಬೊಗಳುವವನು’ ಎಂಬರ್ಥದ ಹೆಸರಿತ್ತು, ಅದನ್ನು ‘ಸಾರುವವನು’ ಎಂದು ಬದಲಾಯಿಸಿದವರೂ ಅವರೇ. ಮೃದುತ್ವ ಹೆಣ್ಣಿನ ಗುಣವಾಗಿದ್ದರೆ ಅವರನ್ನು ಎಲ್ಲಿಡುತ್ತೀರಿ? ಇನ್ನೊಂದು ತುದಿಯಲ್ಲಿ ನ್ಯೂಯಾರ್ಕಿನ ಲಿಯೋನಾ ಹೆಲ್ಮ್ಸ್‌ಲಿ ಇದ್ದಾರೆ. ಹೋಟೆಲ್ ಸಮೂಹವೊಂದನ್ನು ನಡೆಸಿದ, 1989ರಲ್ಲಿ ತೆರಿಗೆ ವಂಚನೆಗಾಗಿ ಶಿಕ್ಷೆಗೊಳಗಾದ ಈ ಮಹಿಳೆ ಸಿಬ್ಬಂದಿಯ ಮೇಲೆ ಹರಿಹಾಯುವುದಕ್ಕೆ ಹೆಸರಾಗಿದ್ದರು. ಅವರ ನಡತೆಯನ್ನು ನಾನು ಸಮರ್ಥಿಸುತ್ತಿಲ್ಲ. ಪತ್ರಿಕೆಗಳು ಅವರನ್ನು ‘ನೀಚತನದ ರಾಣಿ’ ಎಂದು ಕರೆದವು. ಸಿಬ್ಬಂದಿಯ ಮೇಲೆ ಹರಿಹಾಯ್ದ ಗಂಡಸರನ್ನು ನಾನು ಹೋಟೆಲುಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಒಬ್ಬರಿಗೂ ಅಂಥ ಬಿರುದು ಸಿಕ್ಕಿದ್ದನ್ನು ಕಂಡಿಲ್ಲ, ಅವರನ್ನು ಶಿಸ್ತಿನ ಮನುಷ್ಯರೆಂದು ಕರೆಯುತ್ತಿದ್ದರು.

ನನ್ನ ವಾದದ ತಿರುಳು ಅಲ್ಲಿದೆ. ಒಂದೇ ನಡತೆಗೆ ಎರಡು ಹೆಸರು. ಪರ ವಾದದವರು ತಮ್ಮ ಆಧಾರವೆಂದು ತೋರಿಸುವ ಆಲಿಸ್ ಈಗ್ಲಿಯವರೇ 1992ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಇನ್ನೊಂದು ವಿಶ್ಲೇಷಣೆ ಪ್ರಕಟಿಸಿದ್ದಾರೆ. ಅಧಿಕಾರದ ಶೈಲಿಯಲ್ಲಿ, ಆಜ್ಞೆಯ ಮೂಲಕ ಮುನ್ನಡೆಸಿದ ಮಹಿಳೆಯರನ್ನು, ಅದನ್ನೇ ಮಾಡಿದ ಪುರುಷರಿಗಿಂತ ಕೆಳಮಟ್ಟದಲ್ಲಿ ಮೌಲ್ಯಮಾಪನ ಮಾಡುತ್ತಾರೆ ಎಂಬುದನ್ನು ಅದು ತೋರಿಸಿತು. ಮ್ಯಾನೇಜರ್ ಎಂದೊಡನೆ ಜನರ ಮನಸ್ಸಿಗೆ ಗಂಡಸೇ ಬರುತ್ತಾನೆಂದು ಸಂಶೋಧಕಿ ವರ್ಜೀನಿಯಾ ಷೈನ್ 1973ರಲ್ಲಿಯೇ ತೋರಿಸಿದ್ದರು. ಕಠಿಣವಾಗಿ ಮಾತಾಡಿದ್ದಕ್ಕೆ ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ಬಹುಮಾನ ಎಂದಾದರೆ, ಹತ್ತು ವರ್ಷಗಳ ಬಳಿಕ ಒಬ್ಬರು ಮೃದುವಾಗಿ, ಇನ್ನೊಬ್ಬರು ಕಠಿಣವಾಗಿ ಮಾತಾಡುವುದರಲ್ಲಿ ಆಶ್ಚರ್ಯವೇನಿದೆ? ಇದು ಶೈಲಿಯಲ್ಲ, ದಂಡದ ಗುರುತು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಆ ರಾತ್ರಿಯ ಬಗ್ಗೆ ನಾನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ, ಈಗ ಬರೆಯುತ್ತೇನೆ.

ಆಗ ನಾನು 160 ಕೋಣೆಗಳ ಹೋಟೆಲೊಂದರಲ್ಲಿ ಡ್ಯೂಟಿ ಮ್ಯಾನೇಜರ್ ಆಗಿದ್ದೆ. ಸಮ್ಮೇಳನವೊಂದಕ್ಕೆ ಬಂದವರಿಂದ ಎಲ್ಲ ಕೋಣೆಗಳೂ ತುಂಬಿದ್ದವು. ರಾತ್ರಿ 11.40ಕ್ಕೆ ಮೇಲಿನ ಮಹಡಿಯಿಂದ ಮೊದಲ ಕರೆ ಬಂತು: ನಲ್ಲಿಯಲ್ಲಿ ನೀರಿಲ್ಲ. ಐದು ನಿಮಿಷದಲ್ಲಿ ಒಂಬತ್ತು ಕರೆಗಳು. ನೆಲಮಾಳಿಗೆಯ ತೊಟ್ಟಿಯಲ್ಲಿ ನೀರಿತ್ತು, ಆದರೆ ಮೇಲೇರಿಸುವ ಪಂಪಿನ ಮೋಟಾರು ಸುಟ್ಟುಹೋಗಿತ್ತು. ಬದಲಿ ಪಂಪು ದುರಸ್ತಿಗೆ ಹೋಗಿ ಎರಡು ವಾರವಾಗಿತ್ತು. ರಾತ್ರಿ ಪಾಳಿಯ ತಂತ್ರಜ್ಞರು, ಭದ್ರತಾ ಮುಖ್ಯಸ್ಥರು, ಅಡುಗೆಮನೆಯ ಹಿರಿಯರೊಬ್ಬರು ನನ್ನ ಸುತ್ತ ನಿಂತು ಒಟ್ಟಿಗೆ ಮಾತಾಡತೊಡಗಿದರು. ಅವರಲ್ಲೊಬ್ಬರು ಅಗ್ನಿಶಾಮಕಕ್ಕೆಂದು ಮೀಸಲಿಟ್ಟ ತೊಟ್ಟಿಯಿಂದ ನೀರು ಎಳೆಯೋಣ, ಬೆಳಿಗ್ಗೆ ತುಂಬಿಸಿದರಾಯಿತು ಎಂದರು. ಮಲಗಿದ ಮುನ್ನೂರು ಜನರ ತಲೆಯ ಮೇಲೆ ಬೆಂಕಿ ಆರಿಸುವ ನೀರಿಲ್ಲದೆ ಒಂದು ರಾತ್ರಿ ಕಳೆಯುವ ಯೋಚನೆ ಅದು. ನಾನು ‘ಬೇಡ’ ಎಂದೆ. ಯಾಕೆ ಎಂದರು. ಉತ್ತರ ಕೊಡಲಿಲ್ಲ. ಲಾಂಡ್ರಿಯನ್ನು ನಿಲ್ಲಿಸಿ ಅಲ್ಲಿನ ಮೋಟಾರನ್ನು ಬಿಚ್ಚಿ ಇಲ್ಲಿ ಜೋಡಿಸಿ ಎಂದೆ. ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಎಂದೆ. ಸಾಮಾನು ಹೊರುವ ಇಬ್ಬರನ್ನೂ ಭದ್ರತೆಯ ಒಬ್ಬರನ್ನೂ ಬಾಟಲಿ ನೀರಿನೊಂದಿಗೆ ಮೇಲಿನ ಮಹಡಿಗಳಿಗೆ ಕಳಿಸಿದೆ. ಯಾರನ್ನೂ ಯಾವುದರ ಬಗ್ಗೆಯೂ ಅಭಿಪ್ರಾಯ ಕೇಳಲಿಲ್ಲ. 2.10ಕ್ಕೆ ನೀರು ಏರಿತು. ಸಮ್ಮೇಳನದ ಅತಿಥಿಗಳಲ್ಲಿ ಒಬ್ಬರೂ ಹೋಟೆಲ್ ಬಿಟ್ಟು ಹೋಗಲಿಲ್ಲ.

ಆ ವರ್ಷದ ಮೌಲ್ಯಮಾಪನದ ದಿನ ಮೇಲಧಿಕಾರಿಗಳು ನನ್ನನ್ನು ಕೂರಿಸಿಕೊಂಡು, ಕೆಲಸ ಚೆನ್ನಾಗಿದೆ, ಆದರೆ ಸಿಬ್ಬಂದಿಯೊಂದಿಗೆ ಸ್ವಲ್ಪ ಮೃದುವಾಗಿರಿ, ಆ ರಾತ್ರಿಯ ಬಗ್ಗೆ ಕೆಲವರು ನೊಂದುಕೊಂಡಿದ್ದಾರೆ ಎಂದರು. ಅದಾಗಿ ಮೂರು ತಿಂಗಳಿಗೆ, ನನ್ನದೇ ಹುದ್ದೆಯಲ್ಲಿದ್ದ ಪುರುಷ ಸಹೋದ್ಯೋಗಿಯೊಬ್ಬರ ಪಾಳಿಯಲ್ಲಿ ಬೆಂಕಿಯ ಗಂಟೆ ಸುಳ್ಳಾಗಿ ಬಾರಿಸಿತು. ಅವರು ಲಾಬಿಯ ನಡುವೆ ನಿಂತು ಸಿಬ್ಬಂದಿಯ ಮೇಲೆ ಕೂಗಾಡಿ ಎಲ್ಲರನ್ನೂ ಹೊರಗೆ ಕಳಿಸಿದರು. ಅದು ಸರಿಯಾದ ಕೆಲಸವೇ ಆಗಿತ್ತು, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮರುವಾರದ ಸಭೆಯಲ್ಲಿ ಅವರ ದಿಟ್ಟತನಕ್ಕೆ ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ.

ಆ ಬಳಿಕ ನಾನು ಕಲಿತೆ. ಪ್ರತಿ ಆಜ್ಞೆಗೂ ಮುಂಚೆ ‘ನಿಮಗೇನನ್ನಿಸುತ್ತದೆ?’ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಹೆಚ್ಚಿನ ಸಲ ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು, ಆದರೂ ಕೇಳುತ್ತಿದ್ದೆ, ಕಾಯುತ್ತಿದ್ದೆ, ತಲೆಯಾಡಿಸುತ್ತಿದ್ದೆ. ಕೆಲವು ಸಲ ಅದರಿಂದ ಒಳ್ಳೆಯದೂ ಆಯಿತು, ನನಗೆ ಹೊಳೆಯದ ದಾರಿಯನ್ನು ಕೋಣೆ ಶುಚಿ ಮಾಡುವವರು ತೋರಿಸಿದ್ದುಂಟು, ಅದನ್ನು ಅಲ್ಲಗಳೆಯುವುದಿಲ್ಲ. ಕೆಲವು ಸಲ ಅಮೂಲ್ಯವಾದ ಹತ್ತು ನಿಮಿಷಗಳು ಹೋದವು. ನಾಲ್ಕು ವರ್ಷಗಳ ನಂತರ ಸಂಶೋಧನಾ ವಿದ್ಯಾರ್ಥಿಯೊಬ್ಬರು ನಮ್ಮ ಹೋಟೆಲಿಗೆ ಪ್ರಶ್ನಾವಳಿ ಹಿಡಿದು ಬಂದರು. ನಿಮ್ಮ ಮ್ಯಾನೇಜರ್ ನಿರ್ಧಾರಕ್ಕೆ ಮುನ್ನ ನಿಮ್ಮ ಅಭಿಪ್ರಾಯ ಕೇಳುತ್ತಾರೆಯೇ, ನಿಮ್ಮ ಕಷ್ಟಕ್ಕೆ ಕಿವಿಗೊಡುತ್ತಾರೆಯೇ ಎಂಬಂಥ ಪ್ರಶ್ನೆಗಳು. ನನ್ನ ಸಿಬ್ಬಂದಿ ಎಲ್ಲ ಕಡೆಯೂ ಅತಿ ಹೆಚ್ಚಿನ ಅಂಕ ಕೊಟ್ಟಿದ್ದರು. ಆ ವಿದ್ಯಾರ್ಥಿ ಸಂತೋಷದಿಂದ ನನಗೆ ಫಲಿತಾಂಶ ತೋರಿಸಿ, ಮಹಿಳೆಯರ ನಾಯಕತ್ವದ ಬಗ್ಗೆ ತಾವು ಓದಿದ್ದೆಲ್ಲ ನಿಜವಾಯಿತು ಎಂದರು. ಆ ಅಂಕದ ಹಿಂದಿನ ರಾತ್ರಿಯನ್ನು ಅವರ ಪ್ರಶ್ನಾವಳಿ ಕೇಳಿರಲಿಲ್ಲ. ನಾನೂ ಹೇಳಲಿಲ್ಲ, ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನು ಆ ಹೆಸರಾಂತ ವ್ಯತ್ಯಾಸದ ಅಳತೆ. ಪರ ವಾದದವರು ನೆಚ್ಚುವ 2003ರ ವಿಶ್ಲೇಷಣೆಯಲ್ಲಿ ಪರಿವರ್ತನಾತ್ಮಕ ನಾಯಕತ್ವದ ವ್ಯತ್ಯಾಸ ಸಂಖ್ಯಾಶಾಸ್ತ್ರದ ಮಾನದಂಡದಲ್ಲಿ ಸುಮಾರು 0.10. ಇದನ್ನು ಬಿಡಿಸಿ ಹೇಳಬೇಕೆಂದರೆ, ಕಣ್ಣುಮುಚ್ಚಿ ಒಬ್ಬ ಮಹಿಳಾ ಮ್ಯಾನೇಜರನ್ನೂ ಒಬ್ಬ ಪುರುಷ ಮ್ಯಾನೇಜರನ್ನೂ ಆರಿಸಿ ಹೋಲಿಸಿದರೆ, ನೂರು ಸಲದಲ್ಲಿ ಸುಮಾರು 53 ಸಲ ಮಹಿಳೆ ಮುಂದಿರುತ್ತಾರೆ, 47 ಸಲ ಪುರುಷ ಮುಂದಿರುತ್ತಾನೆ. ನಾಣ್ಯ ಚಿಮ್ಮಿದರೆ 50 ಬರುತ್ತದೆ. ಈ ಮೂರರ ಮೇಲೆ ಜನರ ವೃತ್ತಿಜೀವನಗಳನ್ನು ಕಟ್ಟುತ್ತಿದ್ದಾರೆ. ನನಗಿಂತ ಚುರುಕಾಗಿದ್ದ ಮಹಿಳಾ ಸಹೋದ್ಯೋಗಿಯೊಬ್ಬರು ಆಹಾರ ಮತ್ತು ಪಾನೀಯ ವಿಭಾಗಕ್ಕೆ ಹೋಗಲು ಮೂರು ಸಲ ಅರ್ಜಿ ಹಾಕಿದರು. ಜನರೊಂದಿಗೆ ಇಷ್ಟು ಚೆನ್ನಾಗಿ ಬೆರೆಯುವವರನ್ನು ಸಿಬ್ಬಂದಿ ವಿಭಾಗದಿಂದ ಬಿಟ್ಟುಕೊಡಲಾಗದು ಎಂಬ ಉತ್ತರ ಮೂರು ಸಲವೂ ಬಂತು. ಆ ಹೋಟೆಲಿನಲ್ಲಿ ಜನರಲ್ ಮ್ಯಾನೇಜರ್ ಹುದ್ದೆಗೆ ಹೋಗುವ ದಾರಿ ಆಹಾರ ಮತ್ತು ಪಾನೀಯ ವಿಭಾಗದ ಮೂಲಕವೇ ಹಾದುಹೋಗುತ್ತಿತ್ತು. ಅವರು ಆ ದಾರಿಗೆ ಕಾಲಿಡದೆಯೇ ನಿವೃತ್ತರಾದರು.

ಆರು ವರ್ಷಗಳ ಹಿಂದೆ, ಬೇರೆ ಬೇರೆ ಹೋಟೆಲುಗಳನ್ನು ಸುತ್ತಿ, ಆ 160 ಕೋಣೆಗಳ ಹೋಟೆಲಿಗೇ ಜನರಲ್ ಮ್ಯಾನೇಜರ್ ಆಗಿ ಮರಳಿದೆ. ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಸಂದರ್ಭದಲ್ಲಿ ನನ್ನದೂ, ಬೆಂಕಿಯ ಗಂಟೆ ಬಾರಿಸಿದ ಪಾಳಿಯ ಆ ಸಹೋದ್ಯೋಗಿಯದೂ ಕೈಗೆ ಸಿಕ್ಕವು. ನನ್ನದರಲ್ಲಿ ಆ ರಾತ್ರಿಯ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ‘ತಂಡದೊಂದಿಗೆ ಬೆರೆಯುವ ಗುಣ ಕಡಿಮೆ, ಸುಧಾರಿಸಬೇಕು’ ಎಂದಿತ್ತು. ಅವರದರಲ್ಲಿ ‘ಸಂಕಟದ ವೇಳೆಯಲ್ಲಿ ನಾಯಕತ್ವ’ ಎಂಬ ಶೀರ್ಷಿಕೆಯಡಿ ಬೆಂಕಿಯ ಗಂಟೆಯ ಘಟನೆಯನ್ನು ಅರ್ಧ ಪುಟ ವಿವರಿಸಲಾಗಿತ್ತು. ಎರಡೂ ಒಂದೇ ಕೈಬರಹ.

ಆ ವರ್ಷ ಮೌಲ್ಯಮಾಪನದ ನಮೂನೆಯಿಂದ ‘ಸ್ವಭಾವ’ ಎಂಬ ಕಾಲಮನ್ನು ನಾನು ತೆಗೆಸಿದೆ. ಈಗ ಅಲ್ಲಿ ಏನಾಯಿತು, ಯಾರು ಏನು ನಿರ್ಧರಿಸಿದರು, ಎಷ್ಟು ಹೊತ್ತಿನಲ್ಲಿ, ಫಲವೇನು ಎಂದಷ್ಟೇ ಬರೆಯುತ್ತೇವೆ. ಬರೆದ ಪುಟದಲ್ಲಿ ಹೆಸರನ್ನು ಮುಚ್ಚಿ ಇನ್ನೊಬ್ಬ ವಿಭಾಗ ಮುಖ್ಯಸ್ಥರಿಗೆ ಓದಲು ಕೊಡುತ್ತೇವೆ. ಇದು ಹೆಣ್ಣೋ ಗಂಡೋ ಎಂದು ಊಹಿಸಲು ಮೊದಲ ವರ್ಷ ಕುತೂಹಲದಿಂದ ಪ್ರಯತ್ನಿಸಿದವರು ಇದ್ದರು. ಈಗ ಯಾರೂ ಪ್ರಯತ್ನಿಸುವುದಿಲ್ಲ.